ವೆಬ್‌ಸೈಟ್ ಯಾಕೆ ಇಷ್ಟು ನಿಧಾನ? ಪದೇ ಪದೇ ಕೇಳುವ ಪ್ರಶ್ನೆಗಳು

ಹೋಮ್‌ಸ್ಟೇ, ಶಾಲೆ, ಕಲ್ಯಾಣ ಮಂಟಪ, ಊರಿನ ಸುದ್ದಿ ಪೋರ್ಟಲ್. ಇಂಥ ಸಣ್ಣ ಸೈಟ್‌ಗಳನ್ನು ಕಟ್ಟುವುದು, ಕೆಟ್ಟರೆ ರಿಪೇರಿ ಮಾಡುವುದು ನನ್ನ ಕೆಲಸ. ಫೋನ್‌ನಲ್ಲಿ, ವಾಟ್ಸಾಪ್‌ನಲ್ಲಿ, ಮೇಲ್‌ನಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ಕಂಡ ನಿಧಾನದ ಸೈಟ್‌ಗಳಲ್ಲಿ ಮುಕ್ಕಾಲು ಪಾಲು ಏನೋ ಜಾಸ್ತಿಯಾಗಿ ನಿಧಾನವಾದವು. ಹಾಗಾಗಿ ಉತ್ತರಗಳಲ್ಲಿ 'ಹಾಕಿ' ಅನ್ನುವುದಕ್ಕಿಂತ 'ತೆಗೆಯಿರಿ' ಅನ್ನುವ ಮಾತೇ ಹೆಚ್ಚು ಬರುತ್ತದೆ.

## ಶುರುವಿನ ಪ್ರಶ್ನೆಗಳು

ನನ್ನ ಫೋನಲ್ಲಿ ಟಕ್ ಅಂತ ಓಪನ್ ಆಗತ್ತೆ, ಗಿರಾಕಿಗಳು ಮಾತ್ರ ನಿಧಾನ ಅಂತಾರೆ. ಸುಮ್ನೆ ಹೇಳ್ತಿದ್ದಾರಾ?

ಇಲ್ಲ, ಅವರು ಹೇಳುವುದೇ ನಿಜ. ನೀವು ದಿನಕ್ಕೆ ಹತ್ತು ಸಲ ನಿಮ್ಮ ಸೈಟ್ ತೆಗೆಯುತ್ತೀರಿ. ಫೋಟೋ, ಫಾಂಟ್, ಲೋಗೋ ಎಲ್ಲ ಆಗಲೇ ನಿಮ್ಮ ಫೋನ್‌ನ ಕ್ಯಾಶ್‌ನಲ್ಲಿ, ಅಂದರೆ ಒಮ್ಮೆ ಇಳಿದದ್ದನ್ನು ಎತ್ತಿಡುವ ಜಾಗದಲ್ಲಿ, ಕೂತಿವೆ. ಮನೆಯ ವೈಫೈ ಬೇರೆ. ಹೊಸಬರಿಗೆ ಅಷ್ಟೂ ಮೊದಲಿನಿಂದ ಇಳಿಯಬೇಕು. ಒಮ್ಮೆ ವೈಫೈ ಆಫ್ ಮಾಡಿ, ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆಗೆದು ನೋಡಿ. ಮನೆಯಲ್ಲಿ ನಾಲ್ಕೈದು ವರ್ಷದ ಹಳೇ ಫೋನ್ ಇದ್ದರೆ ಅದರಲ್ಲೇ ನೋಡಿ. ನನ್ನ ಡ್ರಾಯರ್‌ನಲ್ಲಿ ಗಾಜು ಬಿರಿದ ಒಂದು ಆಂಡ್ರಾಯ್ಡ್ ಫೋನ್ ಇದೆ, ಇದೇ ಕೆಲಸಕ್ಕೆ.

ಎಷ್ಟು ಸೆಕೆಂಡಲ್ಲಿ ಓಪನ್ ಆದ್ರೆ ಪರವಾಗಿಲ್ಲ ಅಂತ?

ಗೂಗಲ್ ಮೂರು ಅಳತೆ ಇಟ್ಟಿದೆ. ಪರದೆಯ ಮೇಲಿನ ದೊಡ್ಡ ಭಾಗ, ಅಂದರೆ ಮುಖ್ಯ ಫೋಟೋ ಅಥವಾ ಶೀರ್ಷಿಕೆ, 2.5 ಸೆಕೆಂಡಿನೊಳಗೆ ಕಾಣಬೇಕು. ಇದು ಎಲ್‌ಸಿಪಿ. ಬಟನ್ ಒತ್ತಿದರೆ 200 ಮಿಲಿಸೆಕೆಂಡಿನೊಳಗೆ ಪರದೆ ಪ್ರತಿಕ್ರಿಯಿಸಬೇಕು. ಇದು ಐಎನ್‌ಪಿ, 2024ರ ಮಾರ್ಚ್‌ನಿಂದ ಎಫ್‌ಐಡಿ ಅನ್ನುವ ಹಳೆಯ ಅಳತೆಯ ಜಾಗಕ್ಕೆ ಬಂದಿದೆ. ಲೋಡ್ ಆಗುವಾಗ ಪುಟ ಅಲುಗಾಡುವ ಲೆಕ್ಕ, ಅಂದರೆ ಸಿಎಲ್‌ಎಸ್, 0.1 ದಾಟಬಾರದು. ನೂರು ಭೇಟಿಗಳಲ್ಲಿ 75ಕ್ಕಾದರೂ ಇದು ಸಿಗಬೇಕು. ಸರಾಸರಿ ಚೆನ್ನಾಗಿದ್ದರೆ ಸಾಲದು.

ಪೇಜ್‌ಸ್ಪೀಡ್‌ನಲ್ಲಿ ಹಾಕಿದೆ, 43 ಬಂತು, ಕೆಂಪು! ಸೈಟ್ ಹಾಳಾಗಿದೆಯಾ?

ಪೇಜ್‌ಸ್ಪೀಡ್ ಅಂದರೆ ಸೈಟ್‌ನ ವೇಗ ಅಳೆಯುವ ಗೂಗಲ್‌ನ ಪುಟ. ಅದರಲ್ಲಿ ಎರಡು ಬೇರೆ ಬೇರೆ ವರದಿ ಇವೆ. ಮೇಲಿರುವುದು ಕ್ರೋಮ್ ಬಳಸುವ ನಿಜವಾದ ಜನರಿಂದ ಕಳೆದ 28 ದಿನಗಳಲ್ಲಿ ಬಂದದ್ದು. ಕೆಳಗಿನ 43 ಅನ್ನುವುದು ಒಂದು ಕಂಪ್ಯೂಟರ್, ಸಾಧಾರಣ ಫೋನ್‌ನಂತೆ ನಟಿಸಿ, ನಿಧಾನದ 4ಜಿಯಲ್ಲಿ ಒಮ್ಮೆ ಮಾಡಿದ ಪರೀಕ್ಷೆ. 49ರವರೆಗೆ ಕೆಂಪು, 90ರಿಂದ ಹಸಿರು. ಐದು ನಿಮಿಷ ಬಿಟ್ಟು ಮತ್ತೆ ಓಡಿಸಿದರೆ 43 ಹೋಗಿ 51 ಬರಬಹುದು. ಮೇಲಿನ ಭಾಗ ಹಸಿರಿದ್ದರೆ ಕೆಳಗಿನ ಅಂಕಿಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ಸಣ್ಣ ಸೈಟ್‌ಗಳಿಗೆ ಸಾಕಷ್ಟು ಭೇಟಿ ಇರದೆ ಮೇಲಿನ ಭಾಗ ಖಾಲಿ ಇರುತ್ತದೆ. ಆಗ ಕೆಳಗಿನದನ್ನು ಐದು ಸಲ ಓಡಿಸಿ ಮಧ್ಯದ ಅಂಕಿ ತೆಗೆದುಕೊಳ್ಳಿ. 100 ಬಂದೇ ತೀರಬೇಕು ಅನ್ನುವುದು ಬರೀ ಹುಚ್ಚು.

ನಿಧಾನ ಇದ್ರೆ ಗೂಗಲ್ ನಮ್ಮನ್ನ ಹಿಂದಕ್ಕೆ ತಳ್ಳುತ್ತಂತೆ, ಹೌದಾ?

ಸ್ವಲ್ಪ ಹೌದು. 2021ರಿಂದ ಈ ಅಳತೆಗಳೂ ರ್‍ಯಾಂಕಿಂಗ್‌ನಲ್ಲಿ ಸೇರಿವೆ. ಆದರೆ ಹುಡುಕಿದವರಿಗೆ ಬೇಕಾದ ವಿಷಯ ನಿಮ್ಮಲ್ಲಿದೆಯಾ ಅನ್ನುವುದಕ್ಕೇ ತೂಕ ಜಾಸ್ತಿ. ಕಾಯಲಾರದೆ ವಾಪಸ್ ಹೋದ ಗಿರಾಕಿಯ ನಷ್ಟ ಇದಕ್ಕಿಂತ ದೊಡ್ಡದು.

ಅಣ್ಣಾ, ಒಂದೇ ಒಂದು ಕೆಲಸ ಹೇಳಿ. ಯಾವುದು ಮಾಡ್ಲಿ?

ಫೋಟೋ ಚಿಕ್ಕದು ಮಾಡಿ.

ಸಕಲೇಶಪುರದ ಕಡೆಯ ಒಂದು ಹೋಮ್‌ಸ್ಟೇ ಸೈಟ್ ನೋಡಿ. ಮುಖಪುಟದಲ್ಲೇ 14 ಫೋಟೋ. ಮಂಜು, ಕಾಫಿ ಗಿಡ, ಅಕ್ಕಿ ರೊಟ್ಟಿ, ಎಲ್ಲವೂ ಫೋನ್‌ನಿಂದ ತೆಗೆದು ಹಾಗೇ ಏರಿಸಿದವು. ಒಂದೊಂದೂ 4000ಕ್ಕೆ 3000 ಪಿಕ್ಸೆಲ್, ಸುಮಾರು 4 ಎಂಬಿ. ಒಟ್ಟು 56 ಎಂಬಿ. ಘಾಟಿಯಲ್ಲಿ ಸಿಗ್ನಲ್ 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್, ಅಂದರೆ ಕಾಲು ಎಂಬಿ) ಸಿಕ್ಕರೆ ಅಷ್ಟೂ ಇಳಿಯಲು ಮೂರೂಮುಕ್ಕಾಲು ನಿಮಿಷ ಬೇಕು. ಬರುವ ಅತಿಥಿ ದಾರಿ ಕೇಳಲು ಸೈಟ್ ತೆಗೆಯುವುದು ಆ ಘಾಟಿಯಲ್ಲೇ, ಅಲ್ವಾ?

ಫೋನ್ ಪರದೆಯ ಅಗಲ ಸಾಮಾನ್ಯವಾಗಿ 1080 ಪಿಕ್ಸೆಲ್ ಆಸುಪಾಸು. 4000 ಕಳಿಸಿದರೂ ಕಾಣುವುದು ಅಷ್ಟೇ. ಅಗಲವನ್ನು 1080ಕ್ಕೆ ಇಳಿಸಿ, ವೆಬ್‌ಪಿ ಅನ್ನುವ ಹಗುರ ಚಿತ್ರ ರೂಪದಲ್ಲಿ ಸೇವ್ ಮಾಡಿದರೆ ಒಂದೊಂದು 120 ಕೆಬಿ ಹತ್ತಿರ ಬಂತು. 56 ಎಂಬಿ ಇದ್ದದ್ದು 2 ಎಂಬಿಯೊಳಗೆ ಕೂತಿತು. ಪಕ್ಕಪಕ್ಕ ಇಟ್ಟು ತೋರಿಸಿದರೂ ಮಾಲೀಕರಿಗೆ ಯಾವುದು ಹಳೆಯದು ಅಂತ ಗೊತ್ತಾಗಲಿಲ್ಲ.

ತೂಕ ಬರೀ ಡೌನ್‌ಲೋಡ್‌ದಲ್ಲ. 4 ಎಂಬಿಯ ಜೆಪೆಗ್ ಮಡಿಸಿಟ್ಟ ಸೀರೆ ಇದ್ದಂತೆ. ತೋರಿಸಲು ಬಿಚ್ಚಿದರೆ ಫೋನ್‌ನ ಮೆಮೊರಿಯಲ್ಲಿ 48 ಎಂಬಿ ಜಾಗ ಹಿಡಿಯುತ್ತದೆ. ಪಿಕ್ಸೆಲ್‌ಗೆ ನಾಲ್ಕು ಬೈಟ್, ಒಂದು ಕೋಟಿ ಇಪ್ಪತ್ತು ಲಕ್ಷ ಪಿಕ್ಸೆಲ್. ಅಗ್ಗದ ಫೋನ್‌ನಲ್ಲಿ ಸ್ಕ್ರೋಲ್ ಮಾಡುವಾಗ ಪುಟ ಸಿಕ್ಕಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ವಾಟ್ಸಾಪ್‌ನಲ್ಲಿ ನನಗೇ ಕಳಿಸ್ಕೊಂಡ್ರೆ ಫೋಟೋ ತಾನಾಗೇ ಚಿಕ್ಕದಾಗತ್ತೆ. ಅದನ್ನೇ ಹಾಕ್ಲಾ?

ಈ ಉಪಾಯ ಕಂಡುಹಿಡಿದವರಿಗೆ ನಮಸ್ಕಾರ! ತುರ್ತಿಗೆ ನಡೆಯುತ್ತದೆ, 4 ಎಂಬಿ ಹಾಕುವುದಕ್ಕಿಂತ ಸಾವಿರ ಪಾಲು ವಾಸಿ. ಆದರೆ ಅಳತೆ ನಿಮ್ಮ ಕೈಯಲ್ಲಿರುವುದಿಲ್ಲ. ಆಮೇಲೆ ಅದನ್ನು ಮತ್ತೆ ವೆಬ್‌ಪಿ ಮಾಡಿದರೆ ಎರಡೆರಡು ಸಲ ಹಿಂಡಿದಂತಾಗಿ ಆಕಾಶದಲ್ಲಿ ಚೌಕಚೌಕ ಕಲೆ ಬೀಳುತ್ತದೆ. ಸ್ಕ್ವೂಶ್ ಅಂತ ಗೂಗಲ್‌ನವರ ಉಚಿತ ಟೂಲ್ ಇದೆ. ಬ್ರೌಸರ್‌ನಲ್ಲೇ ನಡೆಯುತ್ತದೆ, ಫೋಟೋ ನಿಮ್ಮ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದಿಲ್ಲ. ಮೂಲ ಫೋಟೋವನ್ನೇ ಅದಕ್ಕೆ ಕೊಡಿ.

## ಸ್ವಲ್ಪ ಒಳಗೆ ಇಳಿದವರಿಗೆ

ಎಲ್ಲ ಫೋಟೋಗೂ ಲೇಜಿ ಲೋಡಿಂಗ್ ಹಾಕ್ದೆ. ಸ್ಕೋರ್ ಏರೋ ಬದ್ಲು ಇಳೀತು!

ಮೊದಲ ಫೋಟೋಗೂ ಹಾಕಿರುತ್ತೀರಿ. ಲೇಜಿ ಅಂದರೆ 'ಈಗಲೇ ತರಬೇಡ, ಜನ ಅಲ್ಲಿಗೆ ಬಂದಾಗ ತಾ' ಅಂತ. ಪುಟ ತೆಗೆದ ಕೂಡಲೇ ಕಾಣುವ ಫೋಟೋಗೆ ಹಾಗೆ ಹೇಳಿದರೆ ಬ್ರೌಸರ್ ಸುಮ್ಮನೆ ಕಾಯುತ್ತದೆ. ಆ ಒಂದಕ್ಕೆ ಲೇಜಿ ತೆಗೆದು 'ಫೆಚ್‌ಪ್ರಯಾರಿಟಿ' ಹೈ, ಅಂದರೆ 'ಇದನ್ನು ಮೊದಲು ತಾ' ಅಂತ ಕೊಡಿ. ಮಿಕ್ಕವಕ್ಕೆ ಲೇಜಿ ಇರಲಿ.

ಓದ್ತಾ ಇದ್ರೆ ಪುಟ ಕೆಳಗೆ ಜಿಗಿಯತ್ತೆ, ಒತ್ತೋಕೆ ಹೋಗಿದ್ದು ಒಂದು, ಒತ್ತಿದ್ದು ಜಾಹೀರಾತು.

ಬರುವವರಿಗೆ ಜಾಗ ಕಾಯ್ದಿರಿಸಿಲ್ಲ, ಅದಕ್ಕೇ. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕುತ್ತೇವಲ್ಲ, ಹಾಗೆ ಪ್ರತಿ ಫೋಟೋದ ಅಗಲ, ಎತ್ತರವನ್ನು ಎಚ್‌ಟಿಎಂಎಲ್‌ನಲ್ಲಿ, ಅಂದರೆ ಪುಟದ ಮೂಲ ಕೋಡ್‌ನಲ್ಲಿ, ಮೊದಲೇ ಬರೆಯಿರಿ. ಫೋಟೋ ಬರುವ ಮೊದಲೇ ಬ್ರೌಸರ್ ಜಾಗ ಬಿಟ್ಟಿರುತ್ತದೆ. ಜಾಹೀರಾತಿನ ಪೆಟ್ಟಿಗೆಗೂ ಕನಿಷ್ಠ ಎತ್ತರ ಕೊಡಿ. ಸುದ್ದಿ ಪೋರ್ಟಲ್‌ನವರು ಇದೊಂದನ್ನು ಮಾಡಿದರೆ ಓದುಗರ ಬೈಗುಳ ಅರ್ಧ ಕಮ್ಮಿಯಾಗುತ್ತದೆ.

ಶಾಲೆ ವಾರ್ಷಿಕೋತ್ಸವದ ಯೂಟ್ಯೂಬ್ ವಿಡಿಯೋ ನಾಲ್ಕು ಹಾಕಿದೀವಿ. ಅವು ಯೂಟ್ಯೂಬ್‌ನಲ್ಲೇ ಇರೋದಲ್ವಾ, ನಮಗೇನು ಭಾರ?

ವಿಡಿಯೋ ಅಲ್ಲಿದೆ, ಪ್ಲೇಯರ್ ನಿಮ್ಮ ಪುಟದೊಳಗೆ ಬರುತ್ತದೆ. ಯಾರೂ ಪ್ಲೇ ಒತ್ತದಿದ್ದರೂ ನೂರಾರು ಕೆಬಿ ಜಾವಾಸ್ಕ್ರಿಪ್ಟ್, ಅಂದರೆ ಬ್ರೌಸರ್‌ನಲ್ಲಿ ಓಡುವ ಕೋಡ್, ಇಳಿಯುತ್ತದೆ. ಬರೀ ಚಿತ್ರ ಮತ್ತು ಪ್ಲೇ ಗುರುತು ತೋರಿಸಿ, ಒತ್ತಿದ ಮೇಲೆ ಪ್ಲೇಯರ್ ತರುವಂತೆ ಮಾಡಿ. 'ಲೈಟ್ ಯೂಟ್ಯೂಬ್ ಎಂಬೆಡ್' ಅನ್ನುವ ಪುಟ್ಟ ಕೋಡ್ ಇದೇ ಕೆಲಸ ಮಾಡುತ್ತದೆ. ಗೂಗಲ್ ಮ್ಯಾಪ್‌ಗೂ ಇದೇ ಮದ್ದು: ನಕ್ಷೆಯ ಚಿತ್ರ ಹಾಕಿ, ಅದಕ್ಕೆ ಲಿಂಕ್ ಕೊಡಿ.

ಚೆಂದ ಇರ್ಲಿ ಅಂತ ಕನ್ನಡ ಫಾಂಟ್ ಹಾಕ್ದೆ. ಅವತ್ತಿಂದ ನಿಧಾನ. ಫಾಂಟೇ ಬೇಡ್ವಾ?

ಇಂಗ್ಲಿಷ್ ಫಾಂಟ್ 20 ಕೆಬಿಯಲ್ಲಿ ಮುಗಿಯುವಾಗ ಕನ್ನಡದ್ದು ಅದರ ಹಲವು ಪಟ್ಟು ತೂಗುತ್ತದೆ. ಒತ್ತು, ಗುಣಿತದ ಆಕಾರಗಳೆಲ್ಲ ಸೇರಿ ನೂರಾರು ಚಿತ್ರ ಒಳಗಿರಬೇಕಲ್ಲ. ಅದರ ಮೇಲೆ ಸಾಮಾನ್ಯ, ದಪ್ಪ, ಅತಿ ದಪ್ಪ ಅಂತ ಮೂರು ಫೈಲ್ ಹಾಕಿದರೆ ಮುಗಿಯಿತು.

ಲೇಖನದ ಮೈಗೆ ಫಾಂಟ್ ಹಾಕಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ. ಆಂಡ್ರಾಯ್ಡ್‌ನಲ್ಲಿ ನೋಟೋ, ವಿಂಡೋಸ್‌ನಲ್ಲಿ ನಿರ್ಮಲಾ, ಐಫೋನ್‌ನಲ್ಲಿ ಕನ್ನಡ ಸಂಗಮ್ ಮೊದಲೇ ಇವೆ. ಅವಕ್ಕೆ ಡೌನ್‌ಲೋಡ್ ಸೊನ್ನೆ. ಶೀರ್ಷಿಕೆಗೆ ಮಾತ್ರ ಬಾಲೂ ತಮ್ಮ, ಹುಬ್ಬಳ್ಳಿ ಥರದ್ದು ಒಂದು ಫೈಲ್, ವೋಫ್2 ಅನ್ನುವ ಹಿಂಡಿದ ರೂಪದಲ್ಲಿ. 'ಫಾಂಟ್-ಡಿಸ್‌ಪ್ಲೇ' ಸ್ವಾಪ್ ಅಂತ ಇಟ್ಟರೆ ಫಾಂಟ್ ಬರುವವರೆಗೆ ಫೋನಿನ ಅಕ್ಷರ ಕಾಣುತ್ತದೆ. ಇಲ್ಲವಾದರೆ ಬ್ರೌಸರ್ ಮೂರು ಸೆಕೆಂಡಿನವರೆಗೆ ಖಾಲಿ ಜಾಗ ತೋರಿಸಿ ಕೂರುತ್ತದೆ.

'ಗೂಗಲ್ ಫಾಂಟ್ಸ್‌ನಿಂದ ತಂದರೆ ಬೇರೆ ಸೈಟ್‌ನಲ್ಲಿ ಇಳಿದಿದ್ದೇ ನಮಗೂ ಆಗುತ್ತದೆ' ಅನ್ನುವ ಮಾತು ಈಗಲೂ ಕೇಳಿಬರುತ್ತದೆ. 2020ರಲ್ಲಿ ಕ್ರೋಮ್ ಪ್ರತಿ ಸೈಟ್‌ಗೂ ಕ್ಯಾಶ್ ಬೇರೆ ಮಾಡಿತು. ಆ ಲಾಭ ಅಲ್ಲಿಗೆ ಹೋಯಿತು. ಫೈಲ್ ನಿಮ್ಮ ಸರ್ವರ್‌ನಲ್ಲೇ ಇಟ್ಟುಕೊಳ್ಳಿ.

ಫಾಂಟ್ ಕತ್ತರಿಸಿ ಚಿಕ್ಕದು ಮಾಡ್ದೆ. ಒತ್ತಕ್ಷರ ಎಲ್ಲ ಒಡೆದು ಹೋಯ್ತು!

ನನಗೂ ಆಗಿದೆ. ಒಂದು ಕಲ್ಯಾಣ ಮಂಟಪದ ಸೈಟ್. ಭಾರ ಇಳಿಸೋಣ ಅಂತ ಒಂದು ಆನ್‌ಲೈನ್ ಟೂಲ್‌ಗೆ ಫಾಂಟ್ ಕೊಟ್ಟು ಕನ್ನಡ ಅಕ್ಷರ ಮಾತ್ರ ಉಳಿಸಿಕೊಂಡೆ. ಫೈಲ್ ಅರ್ಧಕ್ಕಿಂತ ಕೆಳಗಿಳಿಯಿತು. ಖುಷಿಯಾಗಿ ಏರಿಸಿದೆ. ಸಂಜೆ ಮಂಟಪದ ಯಜಮಾನರ ಫೋನ್: 'ಏನ್ರೀ ಇದು, ಕಲ್ಯಾಣ ಅಂತ ಸರಿಯಾಗಿ ಬರೆಯೋಕೂ ಬರಲ್ವಾ ನಿಮಗೆ?' ಸ್ಕ್ರೀನ್‌ಶಾಟ್ ನೋಡಿದರೆ 'ಕಲ್‌ಯಾಣ' ಅಂತ ನಿಂತಿದೆ. ಯ ಒತ್ತು ಕೆಳಗೆ ಇಳಿದೇ ಇಲ್ಲ.

ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಜಾಗ ಇವೆ. ಅದರಲ್ಲಿ ಒತ್ತಕ್ಷರಗಳಿಗೆ ಅಂತ ಪ್ರತ್ಯೇಕ ಸಂಖ್ಯೆ ಇಲ್ಲ. ಲ, ಹಲಂತ ಚಿಹ್ನೆ (್), ಯ ಒಂದರ ಹಿಂದೆ ಒಂದು ಬಂದರೆ ಯ ಒತ್ತಿನ ಚಿತ್ರ ಹಾಕು ಅನ್ನುವ ನಿಯಮ ಫಾಂಟ್‌ನೊಳಗಿನ ಒಂದು ಪಟ್ಟಿಯಲ್ಲಿರುತ್ತದೆ. ಸಂಖ್ಯೆ ಇಲ್ಲದ ಚಿತ್ರಗಳೆಲ್ಲ ಬೇಡದವು ಅಂತ ಆ ಟೂಲ್ ಪಟ್ಟಿ ಸಮೇತ ಕಿತ್ತು ಹಾಕಿತ್ತು. ಇಂಗ್ಲಿಷ್ ಫಾಂಟ್‌ಗೆ ಹೀಗೆ ಮಾಡಿದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ಕನ್ನಡದ ಜೀವವೇ ಅಲ್ಲಿದೆ.

ಪೈಥಾನ್‌ನ ಫಾಂಟ್‌ಟೂಲ್ಸ್ ಬಳಸಿ. ಅದು ನಿಯಮಗಳ ಜಾಡು ಹಿಡಿದು ಒತ್ತುಗಳನ್ನೂ ಉಳಿಸುತ್ತದೆ. ಕನ್ನಡದ ಬ್ಲಾಕ್ ಜೊತೆಗೆ ರೂಪಾಯಿ ಚಿಹ್ನೆ, ಪೂರ್ಣವಿರಾಮದ ದಂಡ, ಕಣ್ಣಿಗೆ ಕಾಣದ ಎರಡು ಜೋಡಕಗಳನ್ನೂ ಸೇರಿಸಿ. 'ರ್‍ಯಾಂಕ್', 'ಸಾಫ್ಟ್‌ವೇರ್' ಸರಿಯಾಗಿ ಬರುವುದು ಆ ಜೋಡಕಗಳಿಂದ. ಏರಿಸುವ ಮೊದಲು ನಾನೀಗ ಒಂದು ಸಾಲು ಹಾಕಿ ನೋಡುತ್ತೇನೆ: ಶ್ರೀ, ಕ್ಷೇತ್ರ, ರಾಷ್ಟ್ರ, ಜ್ಞಾನ, ಅರ್ಘ್ಯ, ಸ್ತ್ರೀ, ರ್‍ಯಾಂಕ್, ಕಲ್ಯಾಣ.

ಕನ್ನಡದ ಒಂದಕ್ಷರಕ್ಕೆ ಮೂರು ಬೈಟ್ ಅಂತೆ. ಇಂಗ್ಲಿಷ್‌ಗಿಂತ ನಮ್ಮ ಪುಟ ಮೂರು ಪಟ್ಟು ಭಾರನಾ?

ವೆಬ್‌ನಲ್ಲಿ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8ನಲ್ಲಿ ಮೂರು ಬೈಟ್ ನಿಜ. ಆದರೆ ಆ ಮೂರರಲ್ಲಿ ಮೊದಲನೆಯದು ಎಲ್ಲ ಕನ್ನಡ ಅಕ್ಷರಕ್ಕೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಹೀಗೆ ಬಂದದ್ದೇ ಬರುವುದನ್ನು ಜಿಜಿಪ್, ಬ್ರಾಟ್ಲಿ ಚೆನ್ನಾಗಿ ಹಿಂಡುತ್ತವೆ. ಸರ್ವರ್‌ನಲ್ಲಿ ಇವೆರಡರಲ್ಲಿ ಒಂದು ಆನ್ ಇದೆಯಾ ನೋಡಿ. ಇದ್ದರೆ ಈ ವಿಷಯ ಮರೆತುಬಿಡಿ.

ವರ್ಡ್‌ಪ್ರೆಸ್‌ಗೆ ಸ್ಪೀಡ್ ಪ್ಲಗಿನ್ ಮೂರು ಹಾಕಿದೀನಿ ಸಾರ್, ಇನ್ನೊಂದು ಹಾಕ್ಲಾ?

ಎರಡು ತೆಗೆಯಿರಿ. ಇಂಥವು ಹೆಚ್ಚಾಗಿ ಕ್ಯಾಶ್ ಪ್ಲಗಿನ್, ಅಂದರೆ ಪುಟವನ್ನು ಕಟ್ಟಿ ಸಿದ್ಧ ಇಡುವಂಥವು. ಮೂರು ಇದ್ದರೆ ಒಂದು ಒಲೆಗೆ ಮೂವರು ಅಡುಗೆಯವರು. ಹೋಸ್ಟಿಂಗ್‌ನಲ್ಲಿ ಲೈಟ್‌ಸ್ಪೀಡ್ ಅನ್ನುವ ಸರ್ವರ್ ಸಾಫ್ಟ್‌ವೇರ್ ಇದ್ದರೆ ಅದರದ್ದೇ ಪ್ಲಗಿನ್ ಸಾಕು, ಇಲ್ಲವಾದರೆ ಡಬ್ಲ್ಯುಪಿ ಸೂಪರ್ ಕ್ಯಾಶ್‌ನಂಥದ್ದು ಒಂದು. ಲೇಜಿ ಲೋಡಿಂಗ್‌ಗೆ ಬೇರೆ ಪ್ಲಗಿನ್ ಬೇಡ, 2020ರ 5.5ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ ತಾನೇ ಮಾಡುತ್ತದೆ. ವರ್ಡ್‌ಪ್ರೆಸ್ ಓಡುವ ಭಾಷೆ ಪಿಎಚ್‌ಪಿ 7ರಲ್ಲೇ ನಿಂತಿದ್ದರೆ 8ಕ್ಕೆ ಏರಿಸಿ, ಬ್ಯಾಕಪ್ ತೆಗೆದುಕೊಂಡು.

## ಕೈಪಳಗಿದವರ ಪ್ರಶ್ನೆಗಳು

ಸರ್ವರ್ ಅಮೆರಿಕದಲ್ಲಿದ್ರೆ ಏನಾಯ್ತು? ಕೇಬಲ್‌ನಲ್ಲಿ ಬೆಳಕಿನ ವೇಗದಲ್ಲಿ ಬರಲ್ವಾ?

ಬರುತ್ತದೆ, ಲೆಕ್ಕ ಹಾಕಿ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಬೆಂಗಳೂರಿನಿಂದ ಅಮೆರಿಕದ ವರ್ಜೀನಿಯಾ ನೇರ ಗೆರೆಯಲ್ಲಿ 14,000 ಕಿ.ಮೀ. ಆಸುಪಾಸು. ಹೋಗಿ ಬರಲು 140 ಮಿಲಿಸೆಕೆಂಡ್. ಕೇಬಲ್ ಸುತ್ತಿಕೊಂಡು ಹೋಗುವುದರಿಂದ ನಿಜದಲ್ಲಿ 200ಕ್ಕೂ ಮೇಲೆ. ಇದು ಒಂದು ಸಲಕ್ಕೆ. ಮೊದಲು ಸಂಪರ್ಕ ಮಾಡಲು ಒಂದು ಸುತ್ತು, ಭದ್ರತೆಯ ಮಾತುಕತೆಗೆ ಒಂದು, ಪುಟ ಕೇಳಿ ತರಲು ಒಂದು. ಪುಟದ ಮೊದಲ ಅಕ್ಷರ ಬರುವುದರೊಳಗೆ ಆರುನೂರು ಮಿಲಿಸೆಕೆಂಡ್ ಖಾಲಿ. ಸರ್ವರ್ ಏನೂ ಯೋಚಿಸದಿದ್ದರೂ ಇಷ್ಟು. ಮುಂಬೈಗಾದರೆ ಒಂದು ಸುತ್ತು 20–30 ಮಿಲಿಸೆಕೆಂಡ್ ಇರಬಹುದು.

ಓದುಗರು ಕರ್ನಾಟಕದವರೇ ಆದರೆ ಸರ್ವರ್ ಇಲ್ಲೇ ಹತ್ತಿರ ತೆಗೆದುಕೊಳ್ಳಿ. ಅಮೆಜಾನ್‌ನ ಕ್ಲೌಡ್ 2016ರಲ್ಲಿ, ಗೂಗಲ್‌ನದು 2017ರಲ್ಲಿ ಮುಂಬೈಗೆ ಬಂದಿವೆ. ಡಿಜಿಟಲ್‌ಓಷನ್ ಬೆಂಗಳೂರಲ್ಲೇ ಇದೆ. ಅಮೆರಿಕದ ಕನ್ನಡ ಕೂಟದ ಸೈಟ್ ಆದರೆ ಲೆಕ್ಕ ಉಲ್ಟಾ. ಬೆಂಗಳೂರಿನ ಗೆಳೆಯ ಅಗ್ಗಕ್ಕೆ ಕೊಟ್ಟ ಅಂತ ಇಲ್ಲಿ ಇಟ್ಟು ನ್ಯೂಜೆರ್ಸಿಯವರನ್ನು ಕಾಯಿಸಬೇಡಿ. ಎರಡೂ ಕಡೆ ಓದುಗರಿದ್ದರೆ ಸಿಡಿಎನ್ ಹಾಕಿ, ಅಂದರೆ ಸೈಟ್‌ನ ಪ್ರತಿಗಳನ್ನು ಹಲವು ಊರಿನ ಸರ್ವರ್‌ಗಳಲ್ಲಿಟ್ಟು ಹತ್ತಿರದಿಂದ ಕೊಡುವ ಸೇವೆ.

ಸಿಡಿಎನ್ ಹಾಕಿದ್ರೂ ಮೊದಲ ಬೈಟ್‌ಗೇ ಎರಡು ಸೆಕೆಂಡ್ ಹಿಡಿಯತ್ತೆ!

ಹೆಚ್ಚಿನ ಸಿಡಿಎನ್‌ಗಳು, ಕ್ಲೌಡ್‌ಫ್ಲೇರ್ ಕೂಡ, ಚಿತ್ರ, ಸಿಎಸ್‌ಎಸ್ (ಪುಟದ ಬಣ್ಣ, ಅಲಂಕಾರದ ಕೋಡ್), ಫಾಂಟ್ ಇಟ್ಟುಕೊಳ್ಳುತ್ತವೆ. ಎಚ್‌ಟಿಎಂಎಲ್ ಅನ್ನು ನೀವು ಹೇಳದೆ ಇಟ್ಟುಕೊಳ್ಳುವುದಿಲ್ಲ. ಪುಟಕ್ಕಾಗಿ ಪ್ರತಿ ಸಲವೂ ಮೂಲ ಸರ್ವರ್‌ಗೇ ಓಟ. ಅಲ್ಲಿ ಡೇಟಾಬೇಸ್ ನೂರು ಪ್ರಶ್ನೆ ಕೇಳಿ ಪುಟ ಕಟ್ಟುತ್ತಿದ್ದರೆ ಎರಡು ಸೆಕೆಂಡ್ ಅಲ್ಲೇ. ಲಾಗಿನ್ ಇಲ್ಲದ ಪುಟಗಳನ್ನು ಪೂರ್ತಿ ಕ್ಯಾಶ್ ಮಾಡಿ. ಗೂಗಲ್ ಪ್ರಕಾರ ಮೊದಲ ಬೈಟ್ 0.8 ಸೆಕೆಂಡಿನೊಳಗೆ ಬಂದರೆ ಚೆನ್ನ. ಬುಟ್ಟಿ, ಪಾವತಿ ಪುಟಗಳನ್ನು ಮಾತ್ರ ಯಾವ ಕಾರಣಕ್ಕೂ ಕ್ಯಾಶ್ ಮಾಡಬೇಡಿ. ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುತ್ತದೆ.

ಕ್ಯಾಶ್ ಒಂದು ವರ್ಷ ಇಡಿ ಅಂತಾರೆ. ನಾಳೆ ಏನಾದ್ರೂ ಬದಲಾಯಿಸಿದ್ರೆ ಜನರಿಗೆ ಕಾಣೋದು ಯಾವಾಗ?

ಹೆಸರು ಬದಲಿಸಿದಾಗ. ಮಂಟಪದ ಸೈಟ್‌ನಲ್ಲಿ ನಾನು ಮಾಡಿದ ಎರಡನೇ ತಪ್ಪು ಇದೇ. ಕತ್ತರಿಸಿದ ಫಾಂಟ್ ಅನ್ನು ಹಳೆಯ ಹೆಸರಿನಲ್ಲೇ ಏರಿಸಿದ್ದೆ. ನನ್ನ ಬ್ರೌಸರ್ ಕ್ಯಾಶ್‌ನಿಂದ ಹಳೆಯ ಫಾಂಟನ್ನೇ ತೋರಿಸಿತು, ಎಲ್ಲ ಸರಿ ಇದೆ ಅಂದುಕೊಂಡೆ. ಒಡೆದದ್ದು ಕಂಡದ್ದು ಹೊಸಬರಿಗೆ. ಸರಿ ಮಾಡಿ ಮತ್ತೆ ಅದೇ ಹೆಸರಲ್ಲಿ ಹಾಕಿದೆ. ಈಗ ಅವರ ಕ್ಯಾಶ್‌ನಲ್ಲಿ ಒಡೆದದ್ದು ಕೂತಿತ್ತು, ವರ್ಷದ ಮಟ್ಟಿಗೆ!

ಫಾಂಟ್, ಸಿಎಸ್‌ಎಸ್, ಚಿತ್ರಗಳಿಗೆ 31536000 ಸೆಕೆಂಡ್, ಅಂದರೆ ಒಂದು ವರ್ಷ ಕೊಡಿ. ಬದಲಾದಾಗೆಲ್ಲ ಫೈಲ್ ಹೆಸರಿಗೆ ಹೊಸ ಸಂಖ್ಯೆ ಸೇರಿಸಿ. ಎಚ್‌ಟಿಎಂಎಲ್‌ಗೆ ಮಾತ್ರ ಪ್ರತಿ ಸಲ ಸರ್ವರ್‌ನ್ನು ಕೇಳಿ ಖಚಿತ ಮಾಡಿಕೊಳ್ಳುವಂತೆ ಇಡಿ.

ಪುಟ ಬಂದಿರತ್ತೆ, ಮೆನು ಒತ್ತಿದ್ರೆ ಒಂದ್ ಸೆಕೆಂಡ್ ಸತ್ತಂಗಿರತ್ತೆ. ನೆಟ್ ಪ್ರಾಬ್ಲಮ್ಮಾ?

ಅಲ್ಲ, ಜಾವಾಸ್ಕ್ರಿಪ್ಟ್. ಬ್ರೌಸರ್‌ನ ಮುಖ್ಯ ದಾರಿ ಒಂದೇ ಸಾಲಿನ ರಸ್ತೆ. ಒಂದು ಸ್ಕ್ರಿಪ್ಟ್ ಲಾರಿಯಂತೆ ಅಡ್ಡ ನಿಂತರೆ ನಿಮ್ಮ ಬೆರಳಿನ ಒತ್ತು ಹಿಂದೆ ಹಾರ್ನ್ ಹೊಡೆಯುತ್ತಾ ನಿಲ್ಲುತ್ತದೆ. 50 ಮಿಲಿಸೆಕೆಂಡ್ ಮೀರಿದ ಕೆಲಸವನ್ನು ಕ್ರೋಮ್‌ನ ಡೆವ್‌ಟೂಲ್ಸ್ (ಬ್ರೌಸರ್‌ನೊಳಗೇ ಇರುವ ತಪಾಸಣೆ ಕಿಟಕಿ) ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಕೆಂಪಾಗಿ ತೋರಿಸುತ್ತದೆ. ಯಾರ ಸ್ಕ್ರಿಪ್ಟ್ ಅಂತ ಅಲ್ಲೇ ಹೆಸರಿರುತ್ತದೆ. ಚಾಟ್ ಗುಳ್ಳೆ, ಪಾಪ್‌ಅಪ್, ಮೂರು ಥರದ ಅನಲಿಟಿಕ್ಸ್, ಇವೇ ಜಾಸ್ತಿ ಸಿಗುವುದು. ಒಂದೊಂದನ್ನೇ ನಿಲ್ಲಿಸಿ ಮತ್ತೆ ಅಳೆಯಿರಿ. ಉಳಿದವಕ್ಕೆ 'ಡಿಫರ್', ಅಂದರೆ 'ಪುಟ ಓದಿ ಮುಗಿದ ಮೇಲೆ ಓಡು' ಅಂತ ಹಾಕಿ.

ಎಎಂಪಿ ಇನ್ನೂ ಬೇಕಾ? ಎಚ್‌ಟಿಟಿಪಿ/3?

ಎಎಂಪಿ, ಅಂದರೆ ಫೋನ್‌ಗೆಂದು ಗೂಗಲ್ ತಂದ ಹಗುರ ಪುಟದ ರೂಪ, ಬೇಡ. 2021ರಿಂದ ಗೂಗಲ್‌ನ ಪ್ರಮುಖ ಸುದ್ದಿಗಳ ಸಾಲಿಗೂ ಅದು ಕಡ್ಡಾಯವಲ್ಲ. ಎಚ್‌ಟಿಟಿಪಿ/3, ಅಂದರೆ ಬ್ರೌಸರ್ ಮತ್ತು ಸರ್ವರ್ ಮಾತಾಡುವ ಹೊಸ ವಿಧಾನ, ಸಿಡಿಎನ್‌ನಲ್ಲಿ ಒಂದು ಸ್ವಿಚ್ ಅಷ್ಟೇ, ಆನ್ ಮಾಡಿ. ರೈಲಿನಲ್ಲಿ ಹೋಗುವಾಗ ಡೇಟಾದ ಪೊಟ್ಟಣ ಕಳೆದುಹೋಗುವ ನೆಟ್‌ವರ್ಕ್‌ನಲ್ಲಿ ಅದರ ಗುಣ ಗೊತ್ತಾಗುತ್ತದೆ. 4 ಎಂಬಿಯ ಫೋಟೋವನ್ನು ಅದೇನೂ ಹಗುರ ಮಾಡುವುದಿಲ್ಲ.

ಎಲ್ಲ ಸರಿ ಮಾಡಿಸಿದ್ವಿ. ಆರು ತಿಂಗಳಿಗೆ ಮತ್ತೆ ಅದೇ ಕಥೆ. ಯಾಕೆ?

ಪ್ರತಿ ತಿಂಗಳೂ ಯಾರೋ ಏನೋ ಸೇರಿಸುತ್ತಾರೆ, ಯಾರೂ ತೆಗೆಯುವುದಿಲ್ಲ. ಮುಖಪುಟ ಇಷ್ಟು ಎಂಬಿ ದಾಟಬಾರದು ಅಂತ ಒಂದು ಮಿತಿ ಬರೆದಿಡಿ. ನಾನು ಸಣ್ಣ ಸೈಟ್‌ಗೆ 1 ಎಂಬಿ ಹೇಳುತ್ತೇನೆ. ತಿಂಗಳಿಗೊಮ್ಮೆ ಡೆವ್‌ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್ ತೆಗೆದು, ಗಾತ್ರದ ಮೇಲೆ ಒತ್ತಿ, ಮೇಲಿನ ಐದು ಫೈಲ್ ಯಾವುವು ನೋಡಿ. ಹೀಗೆ ನೋಡುವಾಗ ಒಂದು ಬಟ್ಟೆ ಅಂಗಡಿಯ ಸೈಟ್‌ನಲ್ಲಿ ಎರಡೂವರೆ ಎಂಬಿಯ ದೀಪಾವಳಿ ಆಫರ್ ಬ್ಯಾನರ್ ಸಿಕ್ಕಿತು. ಹಬ್ಬ ಮುಗಿದ ಮೇಲೆ ಸಿಎಸ್‌ಎಸ್‌ನಲ್ಲಿ ಮರೆ ಮಾಡಿದ್ದರು, ಅಳಿಸಿರಲಿಲ್ಲ. ಯಾರ ಕಣ್ಣಿಗೂ ಕಾಣದೆ ಬಂದವರೆಲ್ಲರ ಫೋನಿಗೂ ಯುಗಾದಿಯವರೆಗೆ ಇಳಿಯುತ್ತಲೇ ಇತ್ತು.